ಬ್ಲ್ಯಾಕ್ ಹೋಲ್ ಓದ್ಲಿಕ್ಕೆ ಕಳಿಸ್ಬಹುದಾ?

ಬ್ರಹ್ಮಾವರದ ಹತ್ತಿರದಿಂದ ಒಬ್ರು ತಾಯಿ ಬರ್ದಿದ್ದಾರೆ. ಮಗಳು ಸೆಕೆಂಡ್ ಪಿಯುಸಿ, ಒಳ್ಳೆ ಮಾರ್ಕ್ ತೆಗೀತಾಳೆ, ಪಿಲಿಕುಳ ತಾರಾಲಯಕ್ಕೆ ಹೋಗಿ ಬಂದ ಮೇಲೆ ಬ್ಲ್ಯಾಕ್ ಹೋಲೇ (ಬೆಳಕೂ ತಪ್ಪಿಸ್ಕೊಳ್ಳಲಾಗದಷ್ಟು ಸೆಳೆತ ಇರುವ ಆಕಾಶಕಾಯ) ಓದುದು ಅಂತ ಹಠ, ಅವಳ ಅಪ್ಪ ಕಂಪ್ಯೂಟರ್ ಸೈನ್ಸ್ ಬಿಟ್ಟು ಬೇರೆ ಮಾತೇ ಬೇಡ ಅಂತಾರೆ, ಇದನ್ನು ಓದಿದವರಿಗೆ ಕೆಲಸ ಉಂಟಾ, ನಮ್ಮಂಥವರ ಮನೆಗೆ ಆಗುವ ವಿಷಯವಾ ಇದು ಅಂತ ಅವರ ಪ್ರಶ್ನೆ.

ಅಕ್ಕಾ, ಕೊನೆಯ ಪ್ರಶ್ನೆಗೆ ಮೊದಲು ಹೇಳ್ತೇನೆ, ಖಂಡಿತ ಆಗ್ತದೆ. ನಿಮ್ಮ ಉಡುಪಿ ಕಡೆಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು ಇಸ್ರೋಗೆ ಅಧ್ಯಕ್ಷರಾಗುವ ಮೊದಲು ಕಾಸ್ಮಿಕ್ ಕಿರಣಗಳ ಮೇಲೆ ಸಂಶೋಧನೆ ಮಾಡಿದವರು. ಇನ್ನು ನಿಮ್ಮ ಮಗಳು ಹೇಳುವ ವಿಷಯದಲ್ಲೇ ದೊಡ್ಡ ಹೆಸರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ಅವರದ್ದು, ಇವರ ಬಗ್ಗೆ ನಮ್ಮ ಮಕ್ಕಳಿಗೆ ಯಾರೂ ಹೇಳುದೇ ಇಲ್ಲ, ನನಗೆ ಅದೇ ಬೇಜಾರು. ಬ್ಲ್ಯಾಕ್ ಹೋಲ್ ನಿಜಕ್ಕೂ ಉಂಟಾ ಇಲ್ವಾ ಅಂತ ಜನ ಇನ್ನೂ ಚರ್ಚೆ ಮಾಡ್ತಿದ್ದ ಕಾಲದಲ್ಲಿ, 1970ರಲ್ಲಿ, ಅದರ ಮೇಲೆ ಒಂದು ಅಲೆ ಬಿಟ್ರೆ ಎಂತ ಆಗ್ತದೆ ಅಂತ ಇವರು ಕಂಪ್ಯೂಟರ್‌ನಲ್ಲಿ ಲೆಕ್ಕ ಮಾಡಿ ನೋಡಿದ್ರು. ದೇವಸ್ಥಾನದ ಗಂಟೆ ಹೊಡೆದ ಮೇಲೆ ಸದ್ದು ನಿಧಾನ ಇಳಿಯುತ್ತದಲ್ವಾ, ಬ್ಲ್ಯಾಕ್ ಹೋಲೂ ಹಾಗೇ ತನ್ನದೇ ಒಂದು ಸ್ವರದಲ್ಲಿ ಕಂಪಿಸಿ ಶಾಂತ ಆಗ್ತದೆ, ಆ ಸ್ವರದಿಂದ ಅದರ ತೂಕ ಹೇಳ್ಬಹುದು ಅಂತ ಗೊತ್ತಾಯ್ತು. ಆಮೇಲೆ 45 ವರ್ಷ ಕಳೆದು, 2015ರ ಸೆಪ್ಟೆಂಬರ್ 14ಕ್ಕೆ ಅಮೆರಿಕದ ಲೈಗೋ ಯಂತ್ರಗಳಿಗೆ ಮೊದಲ ಗುರುತ್ವದ ಅಲೆ, ಅಂದ್ರೆ ಭಾರೀ ಕಾಯಗಳು ಒಂದಕ್ಕೊಂದು ಸುತ್ತಿ ಸೇರುವಾಗ ಬಾಹ್ಯಾಕಾಶದಲ್ಲೇ ಏಳುವ ಅಲುಗಾಟ, ಸಿಕ್ತು. ಸೂರ್ಯನ ಸುಮಾರು 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಬ್ಲ್ಯಾಕ್ ಹೋಲ್ ಒಂದಾದ ಸುದ್ದಿ, 130 ಕೋಟಿ ಜ್ಯೋತಿರ್ವರ್ಷ ದೂರದಿಂದ ಬಂದದ್ದು, ಅದರ ಕೊನೆಯಲ್ಲಿ ಇವರು ಹೇಳಿದ ಹಾಗೇ ಇಳಿಯುವ ಕಂಪನ. 2016ರ ಫೆಬ್ರವರಿಯಲ್ಲಿ ಅದನ್ನು ಜಗತ್ತಿಗೆ ಹೇಳುವಾಗ ವಿಶ್ವೇಶ್ವರ ಅವರು ಬದುಕಿದ್ರು, ಮರುವರ್ಷ ಜನವರಿಯಲ್ಲಿ ತೀರಿಕೊಂಡ್ರು.

ಈಗ ಹೊಟ್ಟೆಪಾಡಿನ ವಿಷಯ, ಇದನ್ನು ಮುಚ್ಚಿಟ್ಟು ಹೇಳುದು ಸರಿಯಲ್ಲ. ಐಸರ್‌ನಲ್ಲಿ (ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆ) ಐದು ವರ್ಷದ ಬಿಎಸ್-ಎಂಎಸ್, ಇಲ್ಲದಿದ್ರೆ ಉಡುಪಿಯಲ್ಲೇ ಬಿಎಸ್ಸಿ ಮಾಡಿ ಜ್ಯಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೆದು ಎಂಎಸ್ಸಿ, ಆಮೇಲೆ ಪಿಎಚ್‌ಡಿ ಐದಾರು ವರ್ಷ. ಪಿಎಚ್‌ಡಿಗೆ ಅಪ್ಪ ದುಡ್ಡು ಕಟ್ಬೇಕಾಗಿಲ್ಲ, ಫೆಲೋಶಿಪ್ ಸಿಕ್ಕಿದ್ರೆ ಮೊದಲು ತಿಂಗಳಿಗೆ 37,000, ಆಮೇಲೆ 42,000, ಮನೆ ಬಾಡಿಗೆಯ ಭತ್ಯೆ ಬೇರೆ. ಕಷ್ಟ ಬರುದು ಅದರ ನಂತರ. ಪೋಸ್ಟ್‌ಡಾಕ್ ಅಂತ, ಅಂದ್ರೆ ತಾತ್ಕಾಲಿಕ ಸಂಶೋಧನೆಯ ಕೆಲಸಕ್ಕೆ, ಎರಡು ವರ್ಷ ಒಂದು ದೇಶ, ಮೂರು ವರ್ಷ ಇನ್ನೊಂದು ದೇಶ ತಿರುಗಿ ಪರ್ಮನೆಂಟ್ ಕೆಲಸ ಅಂತ ಆಗುವಾಗ ವಯಸ್ಸು ಮೂವತ್ತೈದರ ಹತ್ತಿರ, ಅದೂ ಎಲ್ಲರಿಗೂ ಸಿಗುದಿಲ್ಲ. ಮದುವೆ ಯಾವಾಗ ಅಂತ ನೆಂಟರು ಕೇಳ್ತಾರೆ, ಆಗ ಮಗಳ ಪರವಾಗಿ ನಿಲ್ಲುವ ಧೈರ್ಯ ನಿಮಗೆ ಈಗಲೇ ಬೇಕು.

ಆದ್ರೆ ಕೆಲಸ ಸಿಗದೆ ಮನೆಯಲ್ಲಿ ಕೂರ್ತಾಳೆ ಅನ್ನುವ ಹೆದರಿಕೆ ಬೇಡ. ಈ ಕ್ಷೇತ್ರದವರು ದಿನವಿಡೀ ಟೆಲಿಸ್ಕೋಪಲ್ಲಿ ಆಕಾಶ ನೋಡ್ತಾ ಕೂರುದಲ್ಲ, ಹೆಚ್ಚಿನವರದ್ದು ಕೋಡ್ ಬರೆಯುವ, ಗದ್ದಲದ ಡೇಟಾದಲ್ಲಿ ಸಣ್ಣ ಸಿಗ್ನಲ್ ಹುಡುಕುವ ಕೆಲಸ, ಅದು ಬಂದವರನ್ನು ಕಂಪನಿಗಳೂ ಕರೀತಾವೆ. ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದಲ್ಲಿ ಸಂಜೀವ್ ಧುರಂಧರ್ ಅವರ ತಂಡ ಸಿಗ್ನಲ್ ಹುಡುಕುವ ವಿಧಾನದ ಮೇಲೆ, ಬೆಂಗಳೂರಿನ ರಾಮನ್ ಸಂಸ್ಥೆಯಲ್ಲಿ ಬಾಲಾ ಅಯ್ಯರ್ ಅವರು ಅಲೆಯ ಆಕಾರದ ಲೆಕ್ಕದ ಮೇಲೆ ದಶಕಗಟ್ಟಲೆ ದುಡಿದದ್ದು ಇಂಥದ್ದರಲ್ಲೇ. ಮತ್ತೆ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೋ-ಇಂಡಿಯಾ ಅಂತ 4 ಕಿಲೋಮೀಟರ್ ಉದ್ದದ ಎರಡು ತೋಳಿನ ಯಂತ್ರ ಕಟ್ಲಿಕ್ಕೆ 2023ರಲ್ಲಿ ಕೇಂದ್ರ ಸರ್ಕಾರ 2,600 ಕೋಟಿಗೆ ಒಪ್ಪಿಗೆ ಕೊಟ್ಟಿದೆ, ಅದಕ್ಕೆ ಲೇಸರ್, ವ್ಯಾಕ್ಯೂಮ್, ಕಂಟ್ರೋಲ್ ಗೊತ್ತಿರುವ ಇಂಜಿನಿಯರ್‌ಗಳೂ ಬೇಕು. ಹಾಗಾಗಿ ಅಪ್ಪ ಹೇಳಿದ ಹಾಗೆ ಬಿಇ ಮಾಡಿದ್ರೂ ಬಾಗಿಲು ಮುಚ್ಚುದಿಲ್ಲ. ಫಿಸಿಕ್ಸ್, ಗಣಿತ ಎರಡೂ ಮನಸ್ಸಿಗೆ ಹಿಡಿದಿದ್ರೆ ಸುತ್ತು ಬಳಸುದು ಯಾಕೆ, ನೇರ ಹೋಗ್ಲಿ ಅನ್ನುದು ನನ್ನ ಅಭಿಪ್ರಾಯ.

ಹಿಡಿದಿದೆಯಾ ಅಂತ ನೋಡ್ಲಿಕ್ಕೆ ಒಂದು ಕೆಲಸ ಹೇಳ್ತೇನೆ, ತಾರಾಲಯದ ಶೋ ಚಂದ ಇರ್ತದೆ, ಆದ್ರೆ ಅದೊಂದರಿಂದ ಗೊತ್ತಾಗುದಿಲ್ಲ. ಲೈಗೋದವರು 2015ರಲ್ಲಿ ಮೊದಲ ಅಲೆ ಸಿಕ್ಕಿದ ಆ ದಿನದ ಡೇಟಾ ಎಲ್ಲರಿಗೂ ಫ್ರೀ ಇಟ್ಟಿದ್ದಾರೆ. ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಸ್ವಲ್ಪ ಕಲ್ತು 32 ಸೆಕೆಂಡಿನ ಆ ಫೈಲ್ ತೆರೆದು ಗ್ರಾಫ್ ಹಾಕ್ಲಿ. ಮೊದಲು ಬರೀ ಗದ್ದಲ ಕಾಣ್ತದೆ. ನೆಲ ಅದುರುವ ಸದ್ದು ತೆಗೀಬೇಕು, ಅಲ್ಲಿಯ ಕರೆಂಟಿನ 60 ಹರ್ಟ್ಸ್ ಸದ್ದು ತೆಗೀಬೇಕು, ಎರರ್ ಬರ್ತದೆ, ಎಲ್ಲಿ ತಪ್ಪಿತು ಅಂತ ಹುಡುಕಬೇಕು, ಆಮೇಲೆ ಸುಮಾರು 0.2 ಸೆಕೆಂಡಿನ ಒಂದು ಸಣ್ಣ ಅಲೆಯ ಗೆರೆ, ಏರಿಳಿತ ಹತ್ತಿರ ಹತ್ತಿರ ಆಗ್ತಾ, ಎದ್ದು ಬರ್ತದೆ. ಆ ಎರರ್‌ಗಳ ಎದುರು ಊಟ ಮರೆತು ಕೂತ್ರೆ ನೀವು ಧೈರ್ಯ ಮಾಡ್ಬಹುದು, ಎರಡು ದಿನಕ್ಕೆ ಬೇಜಾರು ಬಂದ್ರೆ ಅದೂ ಒಳ್ಳೆದೇ, ಈಗಲೇ ಗೊತ್ತಾಯ್ತಲ್ಲ.

ಸದ್ಯಕ್ಕೆ ಸಿಇಟಿಗೂ ಐಸರ್‌ನ ಐಎಟಿ ಪ್ರವೇಶ ಪರೀಕ್ಷೆಗೂ ಎರಡಕ್ಕೂ ಅರ್ಜಿ ಹಾಕಿಸಿ, ಜಗಳ ರಿಸಲ್ಟ್ ಬಂದ ಮೇಲೆ ಮುಂದುವರಿಸ್ಬಹುದು. ಐಎಟಿ ಅರ್ಜಿಗೆ ಕೊನೆಯ ದಿನ ಯಾವುದು ಅಂತ ಐಸರ್ ವೆಬ್‌ಸೈಟಲ್ಲಿ ಅವಳ ಅಪ್ಪನೇ ನೋಡ್ಲಿ.