ನಸುಕಿನ ಮಾರುಕಟ್ಟೆ, ಮಸುಕಾದ ಚಿತ್ರ

ಪ್ರಶ್ನೆ: ಇತ್ತೀಚೆಗೆ 18–55 ಮಿ.ಮೀ. ಲೆನ್ಸ್ ಇರುವ ಹಳೆಯ ಡಿಜಿಟಲ್ ಕ್ಯಾಮೆರಾ ಕೊಂಡೆ. ಕಚೇರಿ ಕೆಲಸದಿಂದಾಗಿ ಕಾಡು, ಬೆಟ್ಟಗಳಿಗೆ ಹೋಗಲು ಬಿಡುವಿಲ್ಲ. ಕೆ.ಆರ್. ಮಾರುಕಟ್ಟೆಯಲ್ಲಿ ನಸುಕಿನಲ್ಲಿ ತೆಗೆದ ಚಿತ್ರಗಳೆಲ್ಲ ಮಸುಕಾಗಿವೆ. ಕ್ಯಾಮೆರಾ ಬದಲಿಸಬೇಕೆ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಖಂಡಿತ ಬೇಡ. ಬೆಳಕು ಕಡಿಮೆಯಿದ್ದಾಗ ಆಟೋ ವಿಧಾನದಲ್ಲಿರುವ ಕ್ಯಾಮೆರಾ, ಬೆಳಕನ್ನು ಒಳಬಿಡುವ ಕದವಾದ ಶಟರನ್ನು ಹೆಚ್ಚು ಹೊತ್ತು ತೆರೆದಿಡುವುದರಿಂದ, ನಿಮ್ಮ ಕೈಯ ಅಲುಗಾಟವೂ ಹೂವಿನ ಮೂಟೆ ಹೊತ್ತು ಓಡುವವರ ಚಲನೆಯೂ ಚಿತ್ರದಲ್ಲಿ ಕಲಸಿಹೋಗುತ್ತವೆ. ಶಟರ್ ವೇಗವನ್ನು ಸೆಕೆಂಡಿನ 1/125ಕ್ಕೆ ನಿಲ್ಲಿಸಿ, ಐಎಸ್ಒ ಪ್ರಮಾಣವನ್ನು (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟವನ್ನು) 1600 ಅಥವಾ 3200ಕ್ಕೆ ಏರಿಸಿ. ಚಿತ್ರದಲ್ಲಿ ಸ್ವಲ್ಪ ಕಾಳುಕಾಳು ಕಾಣಬಹುದು. ಮಸುಕಿಗಿಂತ ಅದು ಎಷ್ಟೋ ಮೇಲು. ಇಂತಹ ಲೆನ್ಸುಗಳು ಸಾಮಾನ್ಯವಾಗಿ 18 ಮಿ.ಮೀ.ನಲ್ಲಿ ಎಫ್ 3.5ರಷ್ಟು ಅಗಲವಾಗಿ ತೆರೆದುಕೊಂಡರೆ, 55ಕ್ಕೆ ಎಳೆದಾಗ ಎಫ್ 5.6ಕ್ಕೆ ಕುಗ್ಗಿ (ಎಫ್ ಅಂಕಿ ದೊಡ್ಡದಾದಷ್ಟೂ ಲೆನ್ಸಿನ ಕಿಂಡಿ ಕಿರಿದು) ಅರ್ಧಕ್ಕಿಂತಲೂ ಕಡಿಮೆ ಬೆಳಕನ್ನು ಒಳಬಿಡುತ್ತವೆ. ಆದ್ದರಿಂದ ದೂರದಿಂದ ಜೂಮ್ ಮಾಡುವ ಬದಲು ಹತ್ತಿರ ಹೋಗಿ, ಹೂ ಮಾರುವವರನ್ನು ಕೇಳಿಕೊಂಡೇ ಚಿತ್ರ ತೆಗೆಯಿರಿ. ತೆಗೆದದ್ದನ್ನು ಪರದೆಯಲ್ಲಿ ತೋರಿಸಿದರೆ ಮುಂದಿನ ವಾರ ಅವರೇ ನಿಮ್ಮನ್ನು ಕರೆದಾರು. (ಒಂದು ಮೊಳ ಮಲ್ಲಿಗೆ ಕೊಂಡರೂ ನಷ್ಟವಿಲ್ಲ.)

ಬಿಡುವಿನ ಮಾತಿಗೆ ಬಂದರೆ, ನಿಮ್ಮ ಮನೆಗೆ ಸಮೀಪದಲ್ಲೇ ಲಾಲ್‌ಬಾಗ್ ಇದೆ. 1889ರಲ್ಲಿ ಅಡಿಗಲ್ಲು ಹಾಕಿದ ಅಲ್ಲಿನ ಗಾಜಿನ ಮನೆಯೊಂದನ್ನೇ ಮಂಜಿನಲ್ಲಿ, ಮಳೆಯಲ್ಲಿ, ಇಳಿಬಿಸಿಲಿನಲ್ಲಿ ಒಂದು ವರ್ಷ ತೆಗೆಯುತ್ತಾ ಹೋಗಿ. ಫಲಪುಷ್ಪ ಪ್ರದರ್ಶನದ ದಿನಗಳನ್ನು ಮಾತ್ರ ಬಿಟ್ಟುಬಿಡಿ; ಆಗ ಚೌಕಟ್ಟಿನ ತುಂಬ ಬೇರೆಯವರ ಮೊಬೈಲುಗಳೇ ಸಿಗುತ್ತವೆ.