ಪಾತ್ರಕ್ಕೆ ದುಡ್ಡು ಕಟ್ಟುವವರು

'ವಾಚ್‌ಮನ್, ಡ್ರೈವರ್, ಡೆಲಿವರಿ ಹುಡುಗರೆಲ್ಲ ಹಗಲಿರುಳೂ ಮೊಬೈಲಿನಲ್ಲೇ ಮುಳುಗಿರುತ್ತಾರೆ. ನಾಟಕ, ಸಂಗೀತ ಅವರಿಗೆ ಬೇಡ. ಬೆಂಗಳೂರಿನಲ್ಲಿ ಕಲೆ ಉಳಿದಿರುವುದು ಟಿಕೆಟ್ ಕೊಳ್ಳುವ ನಮ್ಮಂಥವರಿಂದ' ಎಂದು ಜಯನಗರದ ಓದುಗರೊಬ್ಬರು ಬರೆದಿದ್ದಾರೆ.

ಸಂಪಾದಕರ ಉತ್ತರ: ಮೊಬೈಲು ಹೊತ್ತು ನುಂಗುತ್ತದೆ, ಒಪ್ಪಿದೆ. ನಾಟಕದ ಮೇಲೆ ನಿಮಗಿರುವ ಪ್ರೀತಿಯೂ ಪತ್ರದಲ್ಲಿ ಎದ್ದು ಕಾಣುತ್ತದೆ. ಅದಕ್ಕೇ ನಿಮ್ಮೊಡನೆ ಜಗಳಕ್ಕೆ ಇಳಿದಿದ್ದೇನೆ.

ನಮ್ಮ ಕಟ್ಟಡದ ರಾತ್ರಿ ಕಾವಲಿನವರು ನಾಗಮಂಗಲದ ಕಡೆಯವರು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತುಟಿ ಅಲ್ಲಾಡಿಸುತ್ತ ಕೂತಿರುತ್ತಾರೆ. ರೀಲ್ಸ್ ಇರಬೇಕು ಅಂತ ನಾನೂ ತಿಳಿದಿದ್ದೆ. ಒಂದು ರಾತ್ರಿ ಪುಟ ಮುಗಿಸಿ ಇಳಿದು ಬಂದವನು ಕೇಳಿಯೇಬಿಟ್ಟೆ. ಇಯರ್‌ಫೋನಿನ ಒಂದು ಎಳೆ ತೆಗೆದು ನನ್ನ ಕೈಗಿಟ್ಟರು. ಊರಿನ ಹಾರ್ಮೋನಿಯಂ ಮೇಷ್ಟ್ರು ವಾಟ್ಸ್‌ಆ್ಯಪಿನಲ್ಲಿ ಹಾಡಿ ಕಳಿಸಿದ ದುರ್ಯೋಧನನ ಕಂದಪದ್ಯ! ಹಬ್ಬಕ್ಕೆ ಊರಲ್ಲಿ 'ಕುರುಕ್ಷೇತ್ರ' ನಾಟಕ ಆಡಲಿದ್ದಾರೆ. ಆ ಪಾತ್ರಕ್ಕೆ ಇವರು ಕಟ್ಟಿರುವುದು ಎರಡು ತಿಂಗಳ ಸಂಬಳ.

ಮಂಡ್ಯ, ತುಮಕೂರು ಸೀಮೆಯಲ್ಲಿ ಇದು ಹಳೆಯ ಪದ್ಧತಿ. ಸೀನರಿ ಬಾಡಿಗೆ, ಮೇಷ್ಟ್ರ ಸಂಭಾವನೆ, ಮೈಕು ಎಲ್ಲವೂ ಪಾತ್ರಧಾರಿಗಳ ಜೇಬಿನಿಂದಲೇ. ನಾವು ಟಿಕೆಟ್ ಕೊಂಡು ಎರಡು ಗಂಟೆ ಕೂತು ಬರುತ್ತೇವೆ, ಅವರು ತಿಂಗಳುಗಟ್ಟಲೆ ಪದ್ಯ ಬಾಯಿಪಾಠ ಮಾಡುತ್ತಾರೆ. ಕಲೆ ಉಳಿಸುವವರು ಯಾರು, ಹೇಳಿ? 'ಕಳೆದ ವರ್ಷ ಎಷ್ಟು ನಾಟಕ ನೋಡಿದಿರಿ?' ಎಂದು ಯಾರಾದರೂ ಸಮೀಕ್ಷೆಗೆ ಬಂದರೆ ಇವರ ಲೆಕ್ಕದಲ್ಲಿ ಸೊನ್ನೆ ಬೀಳುತ್ತದೆ.

ಇಂಥವರು ನಾಟಕ ನೋಡಲು ಬರುವುದಕ್ಕೆ ಹಣವೊಂದೇ ಅಡ್ಡಿಯಲ್ಲ. ಬ್ರಿಟನ್ 2001ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಮ್ಯೂಸಿಯಂಗಳ ಪ್ರವೇಶಶುಲ್ಕ ತೆಗೆದುಹಾಕಿತು. ಲಂಡನ್ನಿನ ಮ್ಯೂಸಿಯಂಗಳಿಗೆ ಬರುವ ಜನ ಹೆಚ್ಚಿದರು ನಿಜ, ಆದರೆ ಬಹುಪಾಲು ಮೊದಲಿಂದ ಹೋಗುತ್ತಿದ್ದ ವರ್ಗದವರೇ. ಅಭಿರುಚಿ ಎನ್ನುವುದು ಮನೆ, ಶಾಲೆಯಲ್ಲಿ ಕಲಿತು ಬರುವಂಥದ್ದು ಎಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ 1960ರ ದಶಕದಲ್ಲೇ ಯುರೋಪಿನ ಮ್ಯೂಸಿಯಂಗಳಿಗೆ ಬರುವವರನ್ನು ಎಣಿಸಿ ತೋರಿಸಿದ್ದರು. ನಮ್ಮ ನಾಟಕಮಂದಿರ ರಂಗ ಶಂಕರದಲ್ಲಿ ಹೇಳಿದ ಹೊತ್ತಿಗೆ ನಾಟಕ ಶುರುವಾಗುವ ಶಿಸ್ತು ನನಗೂ ಇಷ್ಟ. ಆದರೆ ರಾತ್ರಿ ಎಂಟರಿಂದ ಬೆಳಗಿನ ಎಂಟರವರೆಗೆ ಕಾವಲು ಕಾಯುವವರು ಏಳೂವರೆಯ ನಾಟಕಕ್ಕೆ ಬರುವುದು ಹೇಗೆ?

ನನ್ನ ಹೊಟ್ಟೆಯುರಿ ಇರುವುದು ನಮ್ಮ ಪತ್ರಿಕೆಗಳ ಮೇಲೆ. ಬಸ್ ನೌಕರರು ರವೀಂದ್ರ ಕಲಾಕ್ಷೇತ್ರದಲ್ಲಿ ಪೌರಾಣಿಕ ನಾಟಕ ಆಡಿದ್ದನ್ನು ನಾನೇ ಕೂತು ನೋಡಿದ್ದೇನೆ. ಮಾರನೆಯ ದಿನ ಯಾವ ಪುಟದಲ್ಲೂ ಒಂದು ಸಾಲಿಲ್ಲ. ನಮ್ಮ ಪತ್ರಿಕೆಯೂ ಬರೆದಿರಲಿಲ್ಲ. ಈ ಸಲ ನಾಗಮಂಗಲಕ್ಕೆ ನಾನೇ ಹೋಗಿ ಬರೆಯುತ್ತೇನೆ. ದುರ್ಯೋಧನನಿಗೆ ಮಾತ್ರ ಆ ಒಂದು ರಾತ್ರಿಯ ರಜೆ ಇನ್ನೂ ಸಿಕ್ಕಿಲ್ಲ.