ಗುರುಗಳ ಮುಂದೆ ಬದಲಿಸಿದ ತೀರ್ಪು

ಆಪ್ತ ಸಮಾಲೋಚನೆಗೆ ನನ್ನ ಬಳಿ ಬಂದ ಒಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ವಿಜಯಪುರ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಅವರು ಪಿ.ಇ. ಮಾಸ್ತರ್. ವಯಸ್ಸು ಮೂವತ್ತು ದಾಟಿದೆ. ಸಾಫ್ಟ್‌ಬಾಲ್ (ಬಾಲ್ ಹೊಡೆದು ನಾಲ್ಕು ಬೇಸ್ ಸುತ್ತಿ ಓಡುವ, ಬೇಸ್‌ಬಾಲ್‌ನಂಥ ಆಟ) ಪಂದ್ಯಗಳಿಗೆ ಅಂಪೈರ್ ಆಗಿಯೂ ಹೋಗುತ್ತಾರೆ. ಇಲ್ಲಿ ಅವರನ್ನು ಅಂಪೈರ್ ಸರ್ ಅಂತಲೇ ಕರೆಯುತ್ತೇನೆ.

ಮೊದಲು ಫೋನ್ ಮಾಡಿದ್ದು ಅವರ ಹೆಂಡತಿ. "ರಾತ್ರಿ ಎರಡಕ್ಕ ಎದ್ದು ರೂಲ್ ಬುಕ್ ಓದ್ತಾರ್ರಿ ಮೇಡಂ. ಓದಿ ಮುಚ್ಚಿ ಇಡ್ತಾರ, ಮತ್ತ ತೆಗದು ಅದೇ ಪುಟ ಓದ್ತಾರ. ಊಟಾನೂ ಸರಿಯಾಗಿ ಮಾಡವಲ್ರು." ಮೂರು ವಾರದಿಂದ ಹೀಗೇ ನಡೆದಿತ್ತು. ಬಂದ ಎರಡು ಪಂದ್ಯಗಳ ಡ್ಯೂಟಿಯನ್ನು ಮೈಗೆ ಹುಷಾರಿಲ್ಲ ಎಂದು ಬಿಟ್ಟಿದ್ದರು.

ಮೊದಲ ಭೇಟಿಯಲ್ಲಿ ಅವರು ತಮ್ಮ ಬಗ್ಗೆ ಮಾತಾಡಲೇ ಇಲ್ಲ. ಮಾತೆಲ್ಲ ಕೋಚ್‌ಗಳ ಮೇಲೆ. "ರೂಲ್ ಗೊತ್ತಿರೂದಿಲ್ರಿ ಅವ್ರಿಗೆ. ವಾದ ಮಾಡಿ ಮಾಡಿ ಸಾಕಾಗ್ಯದ." ಒಬ್ಬ ಕೋಚ್, ಬ್ಯಾಟರ್ ಕೈಗೆ ಬಾಲ್ ಬಡಿದರೆ ಅದು ಬ್ಯಾಟ್‌ಗೆ ಬಡಿದ ಹಾಗೆ ಅನ್ನುತ್ತಾರಂತೆ. ಇನ್ನೊಬ್ಬರು ಅನುಮಾನ ಬಂದಾಗಲೆಲ್ಲ ರನ್ನರ್‌ಗೇ ಕೊಡಬೇಕು ಅನ್ನುತ್ತಾರೆ. ಮತ್ತೊಬ್ಬರು ಫಸ್ಟ್ ಬೇಸ್ ದಾಟಿ ಓಡಿದ ಹುಡುಗಿ ಎಡಕ್ಕೆ ತಿರುಗಿದರೆ ಸಾಕು, ಮುಟ್ಟಿ ಔಟ್ ಮಾಡಬಹುದು ಎಂದು ಹಟ ಹಿಡಿಯುತ್ತಾರೆ. ಅರ್ಧ ಗಂಟೆ ಹೀಗೇ ಹೇಳಿದರು. ನಾನು ತಡೆಯಲಿಲ್ಲ.

ಕೇಳುತ್ತ ಕೇಳುತ್ತ ನನಗೊಂದು ಹೊಳೆಯಿತು. ಈ ತಪ್ಪು ತಿಳುವಳಿಕೆಗಳಲ್ಲಿ ಕೆಲವು ಎಲ್ಲೋ ಕೇಳಿದಂತಿದ್ದವು. ಕ್ರಿಕೆಟ್‌ನಲ್ಲಿ ಬ್ಯಾಟ್ ಹಿಡಿದ ಕೈ, ಗ್ಲೌಸ್ ಎರಡೂ ಬ್ಯಾಟಿನ ಭಾಗವೇ. ಅನುಮಾನ ಬಂದರೆ ಲಾಭ ಬ್ಯಾಟ್ಸ್‌ಮನ್‌ಗೆ ಅನ್ನೋದು ನಾವೆಲ್ಲ ಚಿಕ್ಕಂದಿನಿಂದ ಕೇಳಿದ ಮಾತು. ನಮ್ಮ ಕಡೆ ಸಾಫ್ಟ್‌ಬಾಲ್ ಕಲಿಸುವ ಎಷ್ಟೋ ಮಾಸ್ತರರು ಮೊದಲು ಕ್ರಿಕೆಟ್ ಆಡಿದವರು. ಅಲ್ಲಿ ಸರಿ ಇದ್ದದ್ದನ್ನು ಇಲ್ಲಿಗೂ ತಂದಿದ್ದಾರೆ. ಇದನ್ನು ಹೇಳಿದಾಗ ಅಂಪೈರ್ ಸರ್ ಸ್ವಲ್ಪ ಹೊತ್ತು ಸುಮ್ಮನಾದರು. "ಹೌದಲ್ರಿ, ನಾ ಹಂಗ ವಿಚಾರ ಮಾಡಿದ್ದಿಲ್ಲ. ಬೇಕಂತಲೇ ತಕರಾರು ತೆಗೀತಾರ ಅನ್ಕೊಂಡಿದ್ದೆ" ಎಂದರು.

ಆದರೆ ರಾತ್ರಿ ಎರಡಕ್ಕೆ ಎಬ್ಬಿಸುತ್ತಿದ್ದದ್ದು ಇದಲ್ಲ. ಸರಿಯಾದ ನಿಯಮ ಗೊತ್ತಿರುವವರು ಅದೇ ಪುಟವನ್ನು ಇಪ್ಪತ್ತು ಸಲ ಯಾಕೆ ಓದಬೇಕು? ಎರಡನೇ ಭೇಟಿಯಲ್ಲಿ ಯಾವ ಪುಟ ಅಂತ ಕೇಳಿದೆ. ತಲೆ ತಗ್ಗಿಸಿ, "ಇನ್‌ಫೀಲ್ಡ್ ಫ್ಲೈ" ಎಂದರು.

ನನಗೆ ಆಟ ಗೊತ್ತಿಲ್ಲ, ತಿಳಿಸಿ ಹೇಳಿ ಎಂದೆ. ಟೇಬಲ್ ಮೇಲೆ ಚಹಾ ಲೋಟಗಳಿದ್ದವು, ಒಂದು ಬಟ್ಟಲಲ್ಲಿ ಹುರಿದ ಶೇಂಗಾ ಇತ್ತು. ಅವರು ನಾಲ್ಕು ಲೋಟಗಳನ್ನು ಚೌಕಕ್ಕೆ ಇಟ್ಟರು. ಇದು ಹೋಮ್, ಇದು ಫಸ್ಟ್, ಸೆಕೆಂಡ್, ಥರ್ಡ್. ಒಂದೊಂದು ಬೇಸ್ ನಡುವೆ 60 ಅಡಿ. ಫಸ್ಟ್‌ಗೆ ಒಂದು ಶೇಂಗಾ, ಸೆಕೆಂಡ್‌ಗೆ ಒಂದು ಶೇಂಗಾ ಇಟ್ಟರು. ಇವರು ರನ್ನರ್‌ಗಳು. ಎರಡು ಔಟ್ ಇನ್ನೂ ಆಗಿಲ್ಲ. ಬ್ಯಾಟರ್ ಹೊಡೆದ ಬಾಲ್ ಮೇಲಕ್ಕೆ ಹೋಗಿದೆ, ಒಳಗಿನ ಫೀಲ್ಡರ್ ಸಲೀಸಾಗಿ ಹಿಡಿಯುವಂತಿದೆ. ಕ್ಯಾಚ್ ಆಗುತ್ತೆ ಅಂತ ರನ್ನರ್‌ಗಳು ಬೇಸ್ ಬಿಡುವುದಿಲ್ಲ. ಆಗ ಫೀಲ್ಡರ್ ಬೇಕಂತಲೇ ಕ್ಯಾಚ್ ಬಿಟ್ಟರೆ? ಬ್ಯಾಟರ್ ಫಸ್ಟ್‌ಗೆ ಓಡುವುದರಿಂದ ರನ್ನರ್‌ಗಳು ಮುಂದಿನ ಬೇಸ್‌ಗೆ ಓಡಲೇಬೇಕಾಗುತ್ತದೆ, ಇಬ್ಬರನ್ನೂ ಸುಲಭವಾಗಿ ಔಟ್ ಮಾಡಬಹುದು. ಈ ಮೋಸ ತಪ್ಪಿಸಲು ಅಂಪೈರ್ ಕೂಡಲೇ "ಇನ್‌ಫೀಲ್ಡ್ ಫ್ಲೈ, ಬ್ಯಾಟರ್ ಔಟ್" ಎಂದು ಕೂಗಬೇಕು. ಕ್ಯಾಚ್ ಹಿಡಿಯಲಿ, ಬಿಡಲಿ, ಬ್ಯಾಟರ್ ಔಟ್. ಇನ್ನು ರನ್ನರ್‌ಗಳು ಓಡಲೇಬೇಕು ಅಂತಿಲ್ಲ. ಆದರೆ ಬಾಲ್ ಲೈವ್ ಇರುತ್ತದೆ, ಅಂದರೆ ಆಟ ನಿಂತಿಲ್ಲ. ಓಡಿದರೆ ಅವರ ಜವಾಬ್ದಾರಿ.

ಎರಡೇ ನಿಮಿಷದಲ್ಲಿ ನನ್ನಂಥವಳಿಗೂ ಅರ್ಥವಾಯಿತು. ಅಷ್ಟು ಹೊತ್ತು ಅವರ ಬೆನ್ನು ನೆಟ್ಟಗಿತ್ತು, ಧ್ವನಿ ಗಟ್ಟಿಯಿತ್ತು. "ಈ ಧ್ವನಿ ಆ ದಿನ ಎಲ್ಲಿತ್ತು ಸರ್?" ಅಂತ ಕೇಳಿದೆ. ಅವರ ಕೈ ಥರ್ಡ್ ಬೇಸ್ ಲೋಟದ ಮೇಲೇ ನಿಂತುಬಿಟ್ಟಿತು. ಕಣ್ಣು ತುಂಬಿ ಬಂತು.

ಆಮೇಲೆ ಇಡೀ ಕತೆ ಹೇಳಿದರು. ಹುಡುಗಿಯರ ಪಂದ್ಯ. ಕೊನೆಯ ಇನ್ನಿಂಗ್ಸ್. ಒಂದು ಔಟ್ ಆಗಿತ್ತು, ಫಸ್ಟ್ ಮತ್ತು ಸೆಕೆಂಡ್‌ನಲ್ಲಿ ರನ್ನರ್. ಬಾಲ್ ಮೇಲೆ ಹೋಯಿತು, ಇವರು ಕರೆ ಕೊಟ್ಟರು. ಗದ್ದಲದಲ್ಲಿ ಎಷ್ಟು ಮಂದಿಗೆ ಕೇಳಿಸಿತೋ ಗೊತ್ತಿಲ್ಲ. ಫೀಲ್ಡರ್ ಕೈಯಿಂದ ಬಾಲ್ ಜಾರಿತು. ಸೆಕೆಂಡ್‌ನಲ್ಲಿದ್ದ ಹುಡುಗಿ ಗಾಬರಿಯಾಗಿ ಥರ್ಡ್‌ಗೆ ಓಡಿದಳು. ಅಲ್ಲಿ ಟ್ಯಾಗ್ ಆದಳು, ಅಂದರೆ ಫೀಲ್ಡರ್ ಬಾಲ್ ಹಿಡಿದು ಮುಟ್ಟಿದಳು. ಬ್ಯಾಟರ್ ಔಟ್, ರನ್ನರ್ ಔಟ್, ಒಟ್ಟು ಮೂರು ಔಟ್, ಪಂದ್ಯ ಮುಗಿಯಬೇಕಿತ್ತು.

ಬ್ಯಾಟಿಂಗ್ ಟೀಮಿನ ಕೋಚ್ ಒಳಗೆ ನುಗ್ಗಿದರು. "ಕ್ಯಾಚ್ ಬಿಟ್ಟಾಳ, ಔಟ್ ಹ್ಯಾಂಗಲೇ? ಔಟ್ ಅಂತ ಮೊದಲೇ ಕೂಗಿದಿ ಅಂದ್ರ ಬಾಲ್ ಡೆಡ್. ಮತ್ತ ರನ್ನರ್ ಹ್ಯಾಂಗ ಔಟಾದ್ಲು?" ಎರಡೂ ತಪ್ಪು. ಆದರೆ ಆ ಕೋಚ್ ಬೇರೆ ಯಾರೋ ಅಲ್ಲ. ಹೈಸ್ಕೂಲಿನಲ್ಲಿ ಇವರಿಗೆ ಆಟ ಕಲಿಸಿದ ಗುರುಗಳು. ಬಸ್ ಚಾರ್ಜಿಗೆ ದುಡ್ಡಿಲ್ಲದಾಗ ತಮ್ಮ ಕಿಸೆಯಿಂದ ಕೊಟ್ಟು ಟೂರ್ನಮೆಂಟಿಗೆ ಕರೆದುಕೊಂಡು ಹೋದವರು. ಎಲ್ಲರ ಎದುರು ಅವರು ಇನ್ನೊಂದು ಮಾತು ಸೇರಿಸಿದರು: "ನಿನಗ ಗ್ಲೌಸ್ ಹಾಕ್ಕೊಳ್ಳೂದು ಕಲಿಸಿದವ ನಾ."

ಅಂಪೈರ್ ಸರ್‌ಗೆ ಮಾತು ಹೊರಡಲಿಲ್ಲ. ಯಾರೋ ಹಿರಿಯರು ಬಂದು, "ಬ್ಯಾಟರ್ ಔಟ್ ಇರಲಿ, ರನ್ನರ್‌ನ ಬೇಸಿಗೆ ವಾಪಸ್ ಕಳಸ್ರಿ, ಮುಗಿಸ್ರಿ" ಎಂದರು. ಊರಿನ ಪಂಚಾಯಿತಿಯಲ್ಲಿ ಅರ್ಧ ನಿನಗೆ, ಅರ್ಧ ಅವನಿಗೆ ಮಾಡುತ್ತಾರಲ್ವಾ, ಹಾಗೆ. ಇವರು ಒಪ್ಪಿಬಿಟ್ಟರು. ಮುಂದಿನ ಹುಡುಗಿ ಜೋರಾಗಿ ಹೊಡೆದಳು, ಎರಡು ರನ್ ಬಂದವು. ಗೆಲ್ಲಬೇಕಿದ್ದ ಟೀಮು ಒಂದು ರನ್‌ನಿಂದ ಸೋತಿತು.

ಸೋತ ಟೀಮಿನ ಪಿಚರ್ (ಬಾಲ್ ಎಸೆಯುವ) ಹುಡುಗಿ ಆಮೇಲೆ ಇವರ ಹತ್ತಿರ ಬಂದಳು. ಮುಖಕ್ಕೆಲ್ಲ ಧೂಳು, ಕೆನ್ನೆ ಮೇಲೆ ಎರಡು ಗೆರೆ ಹಸಿ. "ಸರ, ಖರೇ ರೂಲ್ ಏನಿತ್ರಿ?" ಅಂತ ಕೇಳಿದಳು. ಇವರು ಕಿಟ್ ಬ್ಯಾಗಿನ ಜಿಪ್ ಎಳೆಯುತ್ತ ನಿಂತರು. ಉತ್ತರ ಕೊಡಲಿಲ್ಲ.

ಮೊದಲ ದಿನ ನಾನು ಇದನ್ನು ಬರೀ ಆತಂಕ ಅಂದುಕೊಂಡಿದ್ದೆ. ಅದು ನನ್ನ ಅವಸರ. ಇವರಿಗೆ ಕಾಡುತ್ತಿದ್ದದ್ದು ಬೈಸಿಕೊಂಡ ನೋವಿಗಿಂತ ಜಾಸ್ತಿಯಾಗಿ ಆ ಹುಡುಗಿಗೆ ಆದ ಅನ್ಯಾಯ. ಅಂಥ ನೋವನ್ನು "ಆಗಿದ್ದು ಆಗಿಹೋಯಿತು, ಮರೆತುಬಿಡಿ" ಎಂದು ತಳ್ಳಿಹಾಕಬಾರದು. ತಪ್ಪಾಯಿತು ಎಂದು ಒಪ್ಪಿಕೊಂಡ ಮನಸ್ಸು ಅದು, ಒಳ್ಳೆಯ ಮನಸ್ಸು. ಹಾಗಂತ ಅಂಪೈರಿಂಗ್ ಬಿಟ್ಟರೆ ಆ ಹುಡುಗಿಗೆ ಏನೂ ಸಿಗುವುದಿಲ್ಲ. ಇದನ್ನು ಅವರಿಗೆ ಹೀಗೇ ಹೇಳಿದೆ.

ಇನ್ನೊಂದು ಮಾತನ್ನೂ ಹೇಳಿದೆ. ಗುರುಗಳಿಗೆ ತಪ್ಪು ನಿಯಮ ಬಿಟ್ಟುಕೊಟ್ಟದ್ದು ಗೌರವ ಅಂತ ಆ ಕ್ಷಣ ಅನ್ನಿಸಿರಬಹುದು. ಆದರೆ ಇನ್‌ಫೀಲ್ಡ್ ಫ್ಲೈ ಇರುವುದೇ ಬ್ಯಾಟಿಂಗ್ ಟೀಮಿನ ರನ್ನರ್‌ಗಳನ್ನು ಕಾಪಾಡಲು. ಆ ನಿಯಮ ಗುರುಗಳ ಪರವಾಗಿಯೇ ಇತ್ತು. ಅವರ ಹುಡುಗಿಗೆ ಬೇಸಿನಲ್ಲೇ ನಿಂತಿರು ಎಂದು ಕಲಿಸಿದ್ದರೆ ಆಕೆ ಔಟ್ ಆಗುತ್ತಲೇ ಇರಲಿಲ್ಲ. ಸರಿಯಾದದ್ದನ್ನು ತಿಳಿಸದೆ ಬಿಟ್ಟರೆ ಗುರುಗಳು ಅದೇ ತಪ್ಪನ್ನು ಮುಂದಿನ ಬ್ಯಾಚಿಗೂ ಕಲಿಸುತ್ತಾರೆ.

ಮೂರನೇ ಭೇಟಿ ಪೂರ್ತಿ ಅಭ್ಯಾಸಕ್ಕೆ ಹೋಯಿತು. ನಾನೇ ಕೋಚ್ ಆದೆ. ಎದ್ದು ನಿಂತು, ಬೆರಳು ತೋರಿಸಿ, ಅದೇ ಮಾತನ್ನು ಜೋರಾಗಿ ಹೇಳಿದೆ: "ನಿನಗ ಗ್ಲೌಸ್ ಹಾಕ್ಕೊಳ್ಳೂದು ಕಲಿಸಿದವ ನಾ." ಮೊದಲ ಸಲ ಅವರು ಒಂದು ಹೆಜ್ಜೆ ಹಿಂದೆ ಸರಿದು ಕುರ್ಚಿಗೆ ತಾಗಿದರು. ಉಸಿರು ಮೇಲೆ ಮೇಲೆ ಬರುತ್ತಿತ್ತು. ಕೂತು, ಕಾಲಡಿ ನೆಲ ಗಟ್ಟಿಯಾಗಿ ತಾಗುವಂತೆ ಪಾದ ಊರಿ, ನಿಧಾನವಾಗಿ ಉಸಿರು ಬಿಡುವುದನ್ನು ಮಾಡಿಸಿದೆ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ ಇರಬೇಕು. ಮತ್ತೆ ಎದ್ದೆವು. ನಾಲ್ಕನೇ ಸಲಕ್ಕೆ ಅವರು ನಿಂತಲ್ಲೇ ನಿಂತರು.

ಆಡಬೇಕಾದ ಮಾತನ್ನೂ ಇಬ್ಬರೂ ಸೇರಿ ಕಟ್ಟಿದೆವು. "ನಿಮಗೆ ರೂಲ್ ಗೊತ್ತಿಲ್ಲ" ಅನ್ನುವ ವಾಕ್ಯವನ್ನು ಮೊದಲು ಕಿತ್ತುಹಾಕಿದೆವು. ಅದು ನಿಜ ಇದ್ದರೂ ಎದುರಿನವರ ಕಿವಿ ಅಲ್ಲಿಗೇ ಮುಚ್ಚುತ್ತದೆ. ಕೋಚ್ ಮಾತು ಮುಗಿಸುವ ತನಕ ಕೇಳುವುದು. ಅವರ ಧ್ವನಿ ಏರಿದಷ್ಟೂ ತಮ್ಮ ಧ್ವನಿ ಇಳಿಸುವುದು. ಆಮೇಲೆ ಇಷ್ಟೇ: "ಸರ, ಬ್ಯಾಟರ್ ಔಟ್, ಬಾಲ್ ಲೈವ್ ಅದ, ರನ್ನರ್ ತಾನಾಗೇ ಓಡ್ಯಾಳ. ನಿಮಗ ಒಪ್ಪಿಗಿ ಇಲ್ಲಂದ್ರ ಮುಂದಿನ ಪಿಚ್‌ಗಿಂತ (ಬಾಲ್ ಎಸೆಯುವುದಕ್ಕಿಂತ) ಮೊದಲ ಪ್ರೊಟೆಸ್ಟ್ ಕೊಡ್ರಿ. ಅದು ನಿಮ್ಮ ಹಕ್ಕು." ವಾದ ಬೆಳೆಸುವುದು ಬೇಡ, ಪುಸ್ತಕ ತೆಗೆದು ಮುಖಕ್ಕೆ ಹಿಡಿಯುವುದೂ ಬೇಡ.

ಈ ಪ್ರೊಟೆಸ್ಟ್, ಅಂದರೆ ತೀರ್ಪಿಗೆ ಅಧಿಕೃತವಾಗಿ ಆಕ್ಷೇಪ ಕೊಡುವುದು, ನನಗೆ ಬಹಳ ಹಿಡಿಸಿತು. ನಿಯಮವನ್ನು ತಪ್ಪಾಗಿ ಅನ್ವಯಿಸಿದರೆ ಮಾತ್ರ ಅದು ನಡೆಯುತ್ತದೆ. ಬಾಲ್ ಮೊದಲೋ ಕಾಲು ಮೊದಲೋ, ಎಸೆದ ಬಾಲ್ ಸರಿಯಾದ ಜಾಗದಲ್ಲಿ ಬಂತೋ ಇಲ್ಲವೋ (ಸ್ಟ್ರೈಕೋ ಬಾಲೋ) ಅನ್ನುವಂಥ ಕಣ್ಣಳತೆಯ ತೀರ್ಮಾನಕ್ಕೆ ನಡೆಯುವುದಿಲ್ಲ. ಹಾಗಾಗಿ ತಕರಾರು ಬಂದ ಕೂಡಲೇ ಅಂಪೈರ್ ತನ್ನನ್ನು ತಾನು ಕೇಳಿಕೊಳ್ಳಬೇಕು: ಇದು ನನ್ನ ಕಣ್ಣಿನ ಮಾತೋ, ಪುಸ್ತಕದ ಮಾತೋ? ಕಣ್ಣಿನದಾದರೆ ಕೇಳಿಸಿಕೊಂಡು ಆಟ ಮುಂದುವರಿಸುವುದು. ಪುಸ್ತಕದ್ದಾದರೆ, ತುಸು ಅನುಮಾನ ಇದ್ದರೂ ಟೈಮ್ ಕೂಗಿ ಆಟ ನಿಲ್ಲಿಸಿ ಜೊತೆಯ ಅಂಪೈರ್ ಹತ್ತಿರ ಹೋಗಿ ಮಾತಾಡುವುದು. ತಾನೇ ತಪ್ಪಿದ್ದರೆ ಅಲ್ಲೇ ತಿದ್ದಿಕೊಳ್ಳುವುದು. ಮತ್ತೆ ಪ್ರೊಟೆಸ್ಟ್ ದಾರಿ ತೋರಿಸಿದರೆ ಕೋಚ್‌ಗೂ ಹುಡುಗಿಯರ ಎದುರು ಮರ್ಯಾದೆಯಿಂದ ಹಿಂದೆ ಸರಿಯಲು ಜಾಗ ಸಿಗುತ್ತದೆ.

ಕರೆ ಜೋರಾಗಿ ಕೊಡಲಿಲ್ಲ ಅನ್ನೋದನ್ನು ಅವರೇ ಒಪ್ಪಿಕೊಂಡರು. ಮನೆ ಮಾಳಿಗೆ ಮೇಲೆ ನಿಂತು ದಿನಾ ಕೂಗಿ ಅಭ್ಯಾಸ ಮಾಡಿದರಂತೆ. ರೂಲ್ ಬುಕ್ ಸಂಜೆ ಏಳಕ್ಕೆ ಕಪಾಟಿಗೆ ಹೋಗಬೇಕು, ಹಾಸಿಗೆ ಹತ್ತಿರ ಬರಬಾರದು ಎಂದಿದ್ದೆ. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ವೈದ್ಯರನ್ನು ಕಾಣಬೇಕು, ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬೇಕು ಎಂದೂ ಹೇಳಿದ್ದೆ. ಅಷ್ಟರ ತನಕ ಹೋಗಲಿಲ್ಲ. ಹತ್ತು ದಿನಕ್ಕೆ ನಿದ್ದೆ ಬಂತು.

ಗುರುಗಳ ಮನೆಗೆ ಹೋಗಿ ಬನ್ನಿ, ಮೈದಾನದಲ್ಲಿ ಬೇಡ, ಪುಸ್ತಕವೂ ಬೇಡ ಎಂದಿದ್ದೆ. ಒಂದು ಭಾನುವಾರ ಹೋದರು. ಚಹಾ ಆಯಿತು, ಹಿಂಗಾರಿ ಜೋಳದ ಮಾತಾಯಿತು. ಎದ್ದು ಬರುವಾಗ ಧೈರ್ಯ ಮಾಡಿ, "ಸರ, ಅವತ್ತು ನಾ ತೀರ್ಪು ಬದಲಿಸಬಾರದಿತ್ತು. ತಪ್ಪು ನಂದು" ಎಂದರಂತೆ. ಗುರುಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮ ಕಾಲಕ್ಕ ಯಾರ್ ಹೇಳಿಕೊಟ್ರೋ ತಮ್ಮಾ, ನೋಡ್ಕೋತ ಕಲ್ತಿದ್ದು" ಎಂದರು. ಒಪ್ಪಿದರೋ ಇಲ್ಲವೋ ಅಂಪೈರ್ ಸರ್‌ಗೆ ಗೊತ್ತಾಗಲಿಲ್ಲ. ಗೇಟಿನ ತನಕ ಬಂದು ಬಿಟ್ಟುಹೋದರು, ಅಷ್ಟು.

ಕಷ್ಟವಾಗಿದ್ದು ಆ ಹುಡುಗಿಯ ಶಾಲೆಗೆ ಹೋಗೋದು. ಎರಡು ಸಲ ಹೊರಟು ವಾಪಸ್ ಬಂದಿದ್ದರು. ಮೂರನೇ ಸಲ ಹೋಗಿ, ಅವರ ಮಿಸ್ ಎದುರಿಗೇ, ನಿಯಮ ಏನಿತ್ತು, ತಾನು ಏನು ಮಾಡಿದೆ ಎಂದು ಹೇಳಿದರು. ಹುಡುಗಿ ಕೇಳಿ, "ನನಗ ಗೊತ್ತಿತ್ರಿ ಸರ. ಅವತ್ತೇ ಮಿಸ್‌ಗೆ ಹೇಳಿದ್ದೆ. ದೊಡ್ಡವರು ಮಾತಾಡ್ಲಿಕತ್ತಾರ, ಸುಮ್ನಿರು ಅಂದ್ರು" ಎಂದಳಂತೆ. ಮಿಸ್ ತಲೆ ತಗ್ಗಿಸಿದರು. ಪ್ರೊಟೆಸ್ಟ್ ಹೇಗೆ ಕೊಡೋದು, ಯಾವಾಗ ಕೊಡೋದು ಅಂತ ಅಂಪೈರ್ ಸರ್ ಆಗ ಇಬ್ಬರಿಗೂ ಹೇಳಿಕೊಟ್ಟರು. ಪಂದ್ಯದ ಫಲಿತಾಂಶ ಬದಲಾಗುವುದಿಲ್ಲ ಅನ್ನೋದನ್ನೂ ಹೇಳಿದರು.

ಈಗ ಮತ್ತೆ ಡ್ಯೂಟಿ ತೆಗೆದುಕೊಳ್ಳುತ್ತಿದ್ದಾರೆ. ಮೊನ್ನೆ ಒಬ್ಬ ಕೋಚ್, ಬ್ಯಾಟರ್ ಕೈಗೆ ಬಡಿದ ಬಾಲನ್ನು ಫೌಲ್ (ಬ್ಯಾಟಿಗೆ ತಾಗಿ ಗೆರೆಯ ಹೊರಗೆ ಹೋದ ಬಾಲ್) ಕೊಡಿ ಎಂದು ಬಂದರಂತೆ. "ಸರ, ಕ್ರಿಕೆಟ್ಟಿನಾಗ ಕೈ ಬ್ಯಾಟ್ ಆಗ್ತದ, ಇಲ್ಲಿ ಆಗೂದಿಲ್ಲ. ಹುಡುಗಿ ಸ್ವಿಂಗ್ ಮಾಡ್ಯಾಳ, ಸ್ಟ್ರೈಕ್, ಬಾಲ್ ಡೆಡ್" ಎಂದರು. ಕೋಚ್ ಗೊಣಗುತ್ತ ವಾಪಸ್ ಹೋದರು. ಗುರುಗಳ ಟೀಮ್ ಆಡುವ ಪಂದ್ಯ ಮಾತ್ರ ಸದ್ಯಕ್ಕೆ ಬೇಡ ಅನ್ನುತ್ತಾರೆ. ಅದು ಬಹಳ ದಿನ ಮುಂದುವರಿಯಬಾರದು ಅಂತ ನನಗನ್ನಿಸುತ್ತದೆ, ಅವರಿಗೂ ಹೇಳಿದ್ದೇನೆ. ಮುಂದಿನ ತಿಂಗಳ ಭೇಟಿಯಲ್ಲಿ ಅದರ ಬಗ್ಗೆಯೇ ಮಾತಾಡುವುದಿದೆ.